ಅಡಿಕೆ ಒಣಗಿಸುವ ಆಂಗಲ್ ಚೌಕಟ್ಟು: ಮಾಡಿಸುವ ಮುನ್ನ ಎರಡು ಮಾತು

(ನಿಟ್ಟೂರಿನ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಕೃಷಿ ಡಿಪ್ಲೊಮಾ ಓದಿದವನು. ಗೊಬ್ಬರ, ಬೀಜ, ಬೋರ್ಡೊ ಮಿಶ್ರಣ ಇವುಗಳ ಮಾತು ನನ್ನ ಬಾಯಲ್ಲಿ ಬಂದರೆ ನಿಮಗೆ ಆಶ್ಚರ್ಯವಿಲ್ಲ. ಇಂದು ಕಬ್ಬಿಣದ ಮಾತನ್ನು ಎತ್ತಿಕೊಂಡಿದ್ದೇನೆ. ಈ ವಿಷಯದಲ್ಲಿ ನಾನು ಮೊದಲು ತಪ್ಪು ಮಾಡಿ ಆಮೇಲೆ ಕಲಿತವನು. ನನ್ನ ತಪ್ಪಿನ ಖರ್ಚನ್ನು ನೀವು ಮತ್ತೊಮ್ಮೆ ಮಾಡಬಾರದು ಎಂಬುದಕ್ಕಾಗಿಯೇ ಈ ಎರಡು ಮಾತು.

ನಮ್ಮ ಕಡೆಯ ಅಡಿಕೆಯ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಹಸಿರು ಕಾಯಿ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ, ಚಪ್ಪರದ ಮೇಲೆ ಹರಡಿದ ಮೇಲೆ ವಾರಗಟ್ಟಲೆ ಬಿಸಿಲು ಬೇಕು. ವರ್ಷವರ್ಷವೂ ಅಡಿಕೆ ಮರದ ದಬ್ಬೆ, ಬಿದಿರು, ಬಳ್ಳಿ ತಂದು ಚಪ್ಪರ ಕಟ್ಟುತ್ತೇವೆ. ಮಳೆಗಾಲ ಬಂದರೆ ಅದು ಕೊಳೆಯುತ್ತದೆ. ಮುಂದಿನ ವರ್ಷ ಮತ್ತೆ ಕಟ್ಟಬೇಕು. ಕಟ್ಟುವ ಆಳು ಈಗ ಸಿಕ್ಕುವುದೂ ಕಷ್ಟ. ಇಷ್ಟಾಗಿಯೂ ಕಾರ್ತಿಕದ ಸಂಜೆ ಒಂದು ಮೋಡ ಎದ್ದರೆ, ಚಪ್ಪರದ ಮೇಲಿನ ಅಡಿಕೆಯನ್ನು ಬಾಚಿ ಒಳಗೆ ತರುವಷ್ಟರಲ್ಲಿ ಅರ್ಧ ನೆನೆದಿರುತ್ತದೆ. ನೆನೆದ ಅಡಿಕೆಗೆ ಬೂಷ್ಟು, ಬೂಷ್ಟು ಹಿಡಿದ ಅಡಿಕೆಗೆ ಮಂಡಿಯಲ್ಲಿ ಬೆಲೆಯಿಲ್ಲ.

ಆದಕಾರಣ ಕೆಲವು ಮನೆಗಳವರು ಆಂಗಲ್ ಕಬ್ಬಿಣದ ಚೌಕಟ್ಟು ಮಾಡಿಸುತ್ತಿದ್ದಾರೆ. ಇದು ಒಳ್ಳೆಯ ಯೋಚನೆ. ಆಂಗಲ್ ಎಂದರೆ ಎರಡು ರೆಕ್ಕೆಯ ಸರಳು. ಒಂದು ರೆಕ್ಕೆ ನಿಂತಿರುತ್ತದೆ, ಒಂದು ರೆಕ್ಕೆ ಒಳಕ್ಕೆ ಮಲಗಿರುತ್ತದೆ. ಮಲಗಿದ ರೆಕ್ಕೆಯ ಮೇಲೆ ಬಿದಿರಿನ ತಟ್ಟಿಯನ್ನೋ ಬಲೆಯನ್ನೋ ಕೂರಿಸಬಹುದು; ನಿಂತ ರೆಕ್ಕೆ ಅಡಿಕೆ ಉರುಳಿ ಬೀಳದಂತೆ ತಡೆಯುತ್ತದೆ. ಮೋಡ ಕಂಡೊಡನೆ ಇಬ್ಬರು ಸೇರಿ ಚೌಕಟ್ಟನ್ನು ಅಡಿಕೆಸಹಿತ ಎತ್ತಿ ಸೂರಿನ ಕೆಳಗೆ ಒಂದರ ಮೇಲೊಂದು ನಿಲುವಿನಲ್ಲಿ ತಳ್ಳಿದರಾಯಿತು. ಬಾಚುವ ಕೆಲಸವಿಲ್ಲ.

ಆದರೆ ಚೌಕಟ್ಟು ನಿಲುವಿನೊಳಗೆ ಸರಿಯಾಗಿ ಹೋಗಬೇಕು. ನಾನು ಮಾಡಿಸಿದ್ದು ಹೋಗಲಿಲ್ಲ.

ನನ್ನ ತಪ್ಪು ಹೀಗೆ. ಹೋದ ವರ್ಷ ನಾಲ್ಕು ಮನೆಗಳಿಗೆಂದು ಹತ್ತು ಚೌಕಟ್ಟು ಮಾಡಿಸಲು ಹೊರಟೆ. 7 ಅಡಿ ಉದ್ದ, 3 ಅಡಿ ಅಗಲ ಎಂದು ಅಳತೆ ಬರೆದುಕೊಟ್ಟೆ. ಏಕೆಂದರೆ ಏಳೂ ಏಳೂ ಹದಿನಾಲ್ಕು, ಮೂರೂ ಮೂರೂ ಆರು, ಒಟ್ಟು ಇಪ್ಪತ್ತು. ಆಂಗಲ್ ಸರಳನ್ನು ಎಲ್ಲರೂ 'ಇಪ್ಪತ್ತಡಿ ಸರಳು' ಎನ್ನುತ್ತಾರೆ. ಒಂದು ಸರಳಿಗೆ ಒಂದು ಚೌಕಟ್ಟು, ಹತ್ತು ಸರಳಿಗೆ ಹತ್ತು ಎಂದು ಬೀಗಿದೆ. ನಮ್ಮ ದೇಶದಲ್ಲಿ 1956ರ ತೂಕ ಅಳತೆ ಕಾಯಿದೆಯಾದ ಮೇಲೆ ಮೀಟರ್ ಬಂದಿದೆ. ಗಿರಣಿಯಿಂದ ಬರುವ ಸರಳು 6 ಮೀಟರ್. ನಮ್ಮ ಬಾಯಿ ಮಾತ್ರ ಇನ್ನೂ ಅಡಿಯಲ್ಲೇ ಇದೆ. 6 ಮೀಟರ್ ಎಂದರೆ 19 ಅಡಿ 8 ಅಂಗುಲ. ನಾಲ್ಕು ಅಂಗುಲ ಕಡಮೆ!

ನಾಲ್ಕೇ ಅಂಗುಲ ಎನ್ನಬೇಡಿ. ಎರಡು ಏಳಡಿ, ಒಂದು ಮೂರಡಿ ಕೊಯ್ದ ಮೇಲೆ ಉಳಿದದ್ದು ಎರಡಡಿ ಎಂಟಂಗುಲದ ತುಂಡು. ಅದು ಮೂರಡಿಯ ಜಾಗಕ್ಕೆ ಸಾಲದು. ಹತ್ತು ಸರಳೂ ಹೀಗೇ. ಹತ್ತು ಅಡ್ಡತುಂಡುಗಳಿಗಾಗಿ ಮತ್ತೆ ಎರಡು ಸರಳು ಕೊಳ್ಳಬೇಕಾಯಿತು. ಮತ್ತೆ ಗಾಡಿ ಬಾಡಿಗೆ, ಮತ್ತೆ ಒಂದು ದಿನ. ಉಳಿದ ಹತ್ತು ಚೂರುಗಳೇ 26 ಅಡಿಯಷ್ಟಾದವು. ಎಲ್ಲ ಮುಗಿದ ಮೇಲೆ, ಬೆಸುಗೆ ಹಾಕುವ ಹಿರಿಯ ಕೆಲಸಗಾರರೊಬ್ಬರು ಆ ಚೂರೊಂದನ್ನು ಕೈಲಿ ಹಿಡಿದು, 'ಸ್ವಾಮಿ, ಅಗಲವನ್ನು ಎರಡಡಿ ಎಂಟಂಗುಲ ಎಂದಿದ್ದರೆ ಹತ್ತೇ ಸರಳಿಗೆ ಮುಗಿಯುತ್ತಿತ್ತಲ್ಲ' ಎಂದರು. ಲೆಕ್ಕ ಹಾಕಿ ನೋಡಿದೆ. 7 ಅಡಿಯ ಎರಡು, 2 ಅಡಿ 8 ಅಂಗುಲದ ಎರಡು. ಒಟ್ಟು 19 ಅಡಿ 4 ಅಂಗುಲ. ಕೊಯ್ಯುವ ಚಕ್ರ ಒಂದೊಂದು ಕೊಯ್ತಕ್ಕೆ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ. ಅದನ್ನು ಕಳೆದರೂ ಸಾಕು. ಅವರ ಮಾತು ನಿಜ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಕಲಿತಿದ್ದೆ. ಕಬ್ಬಿಣಕ್ಕೂ ಅದು ಸಲ್ಲುತ್ತದೆಂದು ಅಂದು ತಿಳಿಯಿತು.

ಅಗಲ ನಾಲ್ಕಂಗುಲ ಕಡಮೆಯಾದರೆ ಅಡಿಕೆ ಹರಡುವ ಜಾಗವೂ ಕಡಮೆಯಾಗುವುದಿಲ್ಲವೆ ಎಂದು ಕೇಳಬಹುದು. ಆಗುತ್ತದೆ. ಆದರೆ ಒಂದೊಂದು ಸರಳಿಗೆ ಎಷ್ಟು ಜಾಗ ಸಿಕ್ಕಿತು ನೋಡಿ. ಹನ್ನೆರಡು ಸರಳಿನಿಂದ 210 ಚದರಡಿ, ಅಂದರೆ ಸರಳಿಗೆ ಹದಿನೇಳೂವರೆ. ಹತ್ತು ಸರಳಿನಿಂದ 186 ಚದರಡಿ, ಅಂದರೆ ಸರಳಿಗೆ ಹದಿನೆಂಟೂವರೆಗೂ ಮೇಲೆ. ಮೇಲಾಗಿ ಕಿರಿದಾದ ಚೌಕಟ್ಟನ್ನು ಎತ್ತುವುದೂ ಸುಲಭ.

ಇಷ್ಟೇ ಆಗಿದ್ದರೆ ದುಡ್ಡಿನ ನಷ್ಟವೆಂದು ಸುಮ್ಮನಿರಬಹುದಿತ್ತು. ಎರಡನೆಯ ತಪ್ಪು ದೊಡ್ಡದು. ಬೇಗ ಬೇಕೆಂದು ನಾನೇ ಅವಸರಪಡಿಸಿದೆ. ಒಂದೊಂದು ಚೌಕಟ್ಟನ್ನೂ ನೆಲದ ಮೇಲಿಟ್ಟು ಕಣ್ಣಂದಾಜಿನಲ್ಲೇ ಮೂಲೆಮೂಲೆ ಬೆಸೆದು ಮುಗಿಸಿದ್ದಾಯಿತು. ನೋಡಲು ಚೆನ್ನಾಗಿಯೇ ಇದ್ದವು. ನಿಲುವಿಗೆ ತಳ್ಳಿದರೆ ಮೂರು ಚೌಕಟ್ಟು ಅರ್ಧಕ್ಕೇ ಸಿಕ್ಕಿಕೊಂಡವು. ಒಂದರ ಮೂಲೆ ಓರೆ, ಒಂದು ಹಪ್ಪಳದಂತೆ ತಿರುಚಿದೆ. ಆಮೇಲೆ ಸರಿಮಾಡಿಸೋಣವೆಂದು ಬಿಟ್ಟೆವು. ಅದೇ ವಾರ ಒಂದು ಸಂಜೆ ಮಳೆ ಹೊಡೆಯಿತು. ಏಳು ಚೌಕಟ್ಟು ಒಳಗೆ ಹೋದವು. ಮೂರು ಹೋಗಲಿಲ್ಲ, ಮೂರೂ ಒಂದೇ ಮನೆಯವು. ಅವುಗಳ ಅಡಿಕೆ ನೆನೆಯಿತು, ಕಪ್ಪಾಯಿತು. ಆ ಮನೆಯ ಯಜಮಾನರು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಕಾಫಿ ಕೊಟ್ಟು ಕಳುಹಿಸಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ಬಿಡುವಾದಾಗಲೆಲ್ಲ ಕಾರ್ಖಾನೆಯಲ್ಲಿ ಕುಳಿತು ಕೆಲಸ ನೋಡಿದೆ, ಕೇಳಿದೆ. ನನಗೆ ತಿಳಿದದ್ದು ಇಷ್ಟು: ಚೌಕಟ್ಟಿನ ಕೆಲಸದಲ್ಲಿ ಉಳಿತಾಯವಾಗುವುದು ಬೆಂಕಿ ಹೊತ್ತಿಸುವ ಮುಂಚೆ. ಬೆಸುಗೆ ಬೀಳುವ ಮೊದಲೇ ಕಬ್ಬಿಣವೂ ಹೊತ್ತೂ ಉಳಿದಿರಬೇಕು. ಬಿದ್ದ ಮೇಲೆ ಉಳಿಸುವುದು ಏನೂ ಇಲ್ಲ. ಅದರ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಕಾಗದ. ಎಷ್ಟು ಚೌಕಟ್ಟು, ಯಾವ ಯಾವ ಉದ್ದದ ಎಷ್ಟೆಷ್ಟು ತುಂಡು, ಒಂದು ಸರಳಿನಲ್ಲಿ ಯಾವ ತುಂಡುಗಳು ಕೂಡುತ್ತವೆ, ಇದನ್ನು ಮನೆಯಲ್ಲೇ ಬರೆಯಿರಿ. ಉದ್ದದ ತುಂಡುಗಳನ್ನು ಮೊದಲು ಕೂರಿಸಿ, ಉಳಿದ ಜಾಗಕ್ಕೆ ಗಿಡ್ಡ ತುಂಡು ಹೊಂದಿಸಿ. ನಿಲುವಿಗೂ ಇದೇ ಲೆಕ್ಕ. ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದರೆ ಗೊಂದಲವಿಲ್ಲ. 7 ಅಡಿ ಎಂದರೆ 2134, 2 ಅಡಿ 8 ಅಂಗುಲ ಎಂದರೆ 813.

ಎರಡನೆಯದು ಸರಳಿನ ಆಯ್ಕೆ. ತಟ್ಟೆಯಂತೆ ಎತ್ತುವ ಚೌಕಟ್ಟಿಗೆ 25 ಮಿಲಿಮೀಟರ್ ರೆಕ್ಕೆ, 3 ಮಿಲಿಮೀಟರ್ ದಪ್ಪದ ಆಂಗಲ್ ಸಾಕು. ನಡುವೆ ಒಂದೆರಡು ತೆಳುವಾದ ಅಡ್ಡಪಟ್ಟಿ ಇರಲಿ. ಸದಾ ಭಾರ ಹೊರುವ ನಿಲುವಿಗೆ 35 ಮಿಲಿಮೀಟರ್ ರೆಕ್ಕೆ, 5 ಮಿಲಿಮೀಟರ್ ದಪ್ಪದ್ದು. ಎಲ್ಲಕ್ಕೂ ದಪ್ಪದ್ದೇ ಇರಲಿ ಎಂಬ ಆಸೆ ಬೇಡ. ಮಳೆ ಬಂದಾಗ ಮನೆಯ ಹೆಂಗಸರಿಬ್ಬರು ಎತ್ತಲಾಗದ ಚೌಕಟ್ಟು ಯಾತಕ್ಕೂ ಬಾರದು. ಕೊಳ್ಳುವಾಗ ತೂಕ ಹಾಕಿಸಿ. 25-3ರ ಆರು ಮೀಟರ್ ಸರಳು ಸುಮಾರು 6.6 ಕಿಲೋಗ್ರಾಂ ತೂಗಬೇಕು. 35-5ರದ್ದು ಸುಮಾರು 15.6 ಕಿಲೋಗ್ರಾಂ. ತೀರ ಕಡಮೆ ತೂಗಿದರೆ ದಪ್ಪ ಕದ್ದ ಸರಳೆಂದು ತಿಳಿಯಿರಿ. ಒಂದು ಕಣ್ಣು ಮುಚ್ಚಿ ಸರಳಿನ ತುದಿಯಿಂದ ತುದಿಗೆ ನೋಡಿ, ಡೊಂಕಿದ್ದರೆ ಬಿಡಿ.

ಮೂರನೆಯದು ಕೊಯ್ತ. ನಮ್ಮ ನಾಟಿಯನ್ನು ನೆನೆಸಿಕೊಳ್ಳಿ. ಒಬ್ಬಳೇ ಹೆಂಗಸು ಒಂದು ಹಿಡಿ ಸಸಿ ಕಿತ್ತು, ತಾನೇ ಹೊತ್ತು, ತಾನೇ ನೆಟ್ಟು, ಮತ್ತೆ ಕೀಳಲು ಹೋಗುತ್ತಾಳೆಯೆ? ಕೀಳುವವರು ಕೀಳುತ್ತಾರೆ, ಹೊರುವವರು ಹೊರುತ್ತಾರೆ, ನೆಡುವವರು ನೆಡುತ್ತಾರೆ. ಕಾರ್ಖಾನೆಯಲ್ಲೂ ಹಾಗೆಯೇ. ಒಂದು ಚೌಕಟ್ಟು ಮುಗಿಸಿ ಇನ್ನೊಂದಕ್ಕೆ ಹೋಗುವುದಲ್ಲ. ಮೊದಲು ಎಲ್ಲ ಉದ್ದ ತುಂಡು, ಆಮೇಲೆ ಎಲ್ಲ ಗಿಡ್ಡ ತುಂಡು. ಕೊಯ್ಯುವ ಯಂತ್ರದ ಪಕ್ಕದಲ್ಲಿ ಬೇಕಾದ ಉದ್ದಕ್ಕೆ ಒಂದು ತಡೆ ಬಿಗಿದುಬಿಟ್ಟರೆ, ಸರಳಿನ ತುದಿಯನ್ನು ಅದಕ್ಕೆ ಮುಟ್ಟಿಸಿ ಕೊಯ್ಯುತ್ತಾ ಹೋದರಾಯಿತು. ಇಪ್ಪತ್ತು ಸಲ ಅಳೆದರೆ ಇಪ್ಪತ್ತು ಸಲ ತಪ್ಪಲು ಅವಕಾಶ. ಒಂದು ಸಲ ಸರಿಯಾಗಿ ಅಳೆದು ತಡೆ ಬಿಗಿದರೆ ಇಪ್ಪತ್ತೂ ಒಂದೇ ಅಳತೆ. ಎಲ್ಲ ಕೊಯ್ದಾದ ಮೇಲೆ ಎಲ್ಲದರ ಮುಳ್ಳು ಉಜ್ಜುವುದು, ಎಲ್ಲವನ್ನೂ ಜೋಡಿಸುವುದು, ಎಲ್ಲವನ್ನೂ ಬೆಸೆಯುವುದು, ಎಲ್ಲಕ್ಕೂ ಬಣ್ಣ. ಒಂದು ಕೆಲಸಕ್ಕೆ ಕೈ ಹದವಾದ ಮೇಲೆ ಅದು ತಾನೇ ಬೇಗ ಸಾಗುತ್ತದೆ.

ಇಲ್ಲಿ ಇನ್ನೊಂದು ಉಪಾಯವುಂಟು. ನಾಲ್ಕು ತುಂಡು ಮಾಡದೆ ಒಂದೇ ಸರಳನ್ನು ಮಡಚಿ ಚೌಕಟ್ಟು ಮಾಡುವುದು. ಗಿಡ್ಡ, ಉದ್ದ, ಗಿಡ್ಡ, ಉದ್ದ ಎಂದು ಸರಳಿನ ಮೇಲೆ ಗುರುತು ಹಾಕಿ, ನಡುವಿನ ಮೂರು ಗುರುತುಗಳಲ್ಲಿ ಮಲಗುವ ರೆಕ್ಕೆಯಿಂದ ಮಾತ್ರ ಮೂಲೆಮಟ್ಟದ, ಅಂದರೆ 90 ಅಂಶದ ಕಚ್ಚು ತೆಗೆಯಬೇಕು. ಎರಡು ತುದಿಗಳಲ್ಲಿ ಅದರ ಅರ್ಧ. ನಿಲ್ಲುವ ರೆಕ್ಕೆಯನ್ನು ಕೊಯ್ಯಕೂಡದು. ಆಮೇಲೆ ಗುರುತಿನಲ್ಲಿ ಮಡಚಿದರೆ ಕಚ್ಚಿನ ಎರಡು ಅಂಚೂ ಬಂದು ಕೂಡಿಕೊಳ್ಳುತ್ತವೆ. ಮೂರು ಮೂಲೆಗಳಲ್ಲಿ ಹೊರಗಿನ ರೆಕ್ಕೆ ಇಡಿಯಾಗಿಯೇ ಇರುವುದರಿಂದ ಬೆಸುಗೆ ಕಡಮೆ, ಬಲ ಹೆಚ್ಚು. ಮಡಚಿದಾಗ ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಮೆ ಬರುವುದುಂಟು. ಆದುದರಿಂದ ಮೊದಲು ಒಂದನ್ನು ಮಾಡಿ ಅಳೆದು ನೋಡಿ, ಗುರುತನ್ನು ತಿದ್ದಿಕೊಂಡು, ಉಳಿದವನ್ನು ಮಾಡಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಅಚ್ಚು. ಇದನ್ನು ಕಾರ್ಖಾನೆಯವರು ಜಿಗ್ ಎನ್ನುತ್ತಾರೆ. ಇಟ್ಟಿಗೆ ಕೊಯ್ಯುವವನಿಗೆ ಅಚ್ಚು ಇರುವಂತೆ ಚೌಕಟ್ಟಿಗೂ ಒಂದು ಅಚ್ಚು ಬೇಕು. ಮಟ್ಟವಾದ ಮೇಜಿನ ಮೇಲೆ ನಾಲ್ಕು ಮೂಲೆಗೂ ಹಳೆಯ ಆಂಗಲ್ ಚೂರುಗಳನ್ನು ತಡೆಯಾಗಿ ಬೆಸೆದು, ತುಂಡುಗಳನ್ನು ಅದರೊಳಗೆ ಕೂರಿಸಿ ಬೆಣೆ ಹೊಡೆದು ಬಿಗಿಯುವುದು. ಅಚ್ಚು ಮಾಡಲು ಒಂದೆರಡು ತಾಸು ಹಿಡಿಯಬಹುದು. ಒಂದು ಚೌಕಟ್ಟಿಗಾದರೆ ಅದು ದಂಡ, ಹತ್ತಕ್ಕಾದರೆ ಲಾಭ, ನಲವತ್ತಕ್ಕಾದರೆ ಅದಿಲ್ಲದೆ ಕೈ ಹಾಕಬಾರದು.

ಅಚ್ಚು ಮೂಲೆಮಟ್ಟಕ್ಕಿದೆಯೆಂದು ತಿಳಿಯುವುದು ಹೇಗೆ? ನಾಲ್ಕು ಬದಿ ಸರಿಯಾಗಿ ಅಳೆದರೆ ಸಾಲದು. ಹಗ್ಗದ ಮಂಚದ ಕಾಲು ಸಡಿಲವಾದರೆ ಮಂಚ ಓರೆಯಾಗುತ್ತದೆ. ಆದರೆ ನಾಲ್ಕು ಪಟ್ಟಿಗಳ ಉದ್ದ ಬದಲಾಗುವುದಿಲ್ಲ. ಚೌಕಟ್ಟೂ ಹಾಗೆಯೇ. ಆದುದರಿಂದ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಆಮೇಲೆ ಇನ್ನೆರಡು ಮೂಲೆಗೂ ಹಾಗೆಯೇ ಅಳೆಯಿರಿ. ಎರಡು ಕರ್ಣಗಳೂ ಒಂದೇ ಆದರೆ ಮಾತ್ರ ಮೂಲೆಮಟ್ಟ. ನಾನು ಹೇಳಿದ ಅಳತೆಗೆ ಎರಡೂ 2284 ಮಿಲಿಮೀಟರ್ ಬರಬೇಕು. ಏಳೂವರೆ ಅಡಿಗೆ ಕೂದಲೆಳೆ ಕಡಮೆ. ಮನೆಯ ಪಾಯ ಹಾಕುವಾಗ ಗಾರೆಯವರು ಮೂರು, ನಾಲ್ಕು, ಐದು ಅಡಿಯ ದಾರ ಹಿಡಿದು ಮೂಲೆ ನೋಡುವುದೂ ಇದೇ ಗಣಿತ. ನನ್ನ ಮೂರು ಚೌಕಟ್ಟುಗಳಲ್ಲಿ ಒಂದರ ಕರ್ಣಗಳನ್ನು ಆಮೇಲೆ ಅಳೆದೆ: ಒಂದಂಗುಲಕ್ಕೂ ಮೀರಿದ ವ್ಯತ್ಯಾಸ. ಒಂದು ಟೇಪು, ಒಂದು ನಿಮಿಷ. ಅದನ್ನು ನಾನು ಮಾಡಿರಲಿಲ್ಲ.

ಐದನೆಯದು ಬೆಸುಗೆ. ಹಸಿಯ ಹಲಗೆ ಒಣಗುವಾಗ ಸೊಟ್ಟಗಾಗುವುದನ್ನು ನೋಡಿದ್ದೀರಿ. ಕರಗಿದ ಕಬ್ಬಿಣ ಆರುವಾಗಲೂ ಕುಗ್ಗಿ, ತನ್ನ ಕಡೆಗೆ ಸರಳನ್ನು ಎಳೆಯುತ್ತದೆ. ಒಂದು ಮೂಲೆಯನ್ನು ಪೂರ್ತಿ ಬೆಸೆದು ಇನ್ನೊಂದಕ್ಕೆ ಹೋದರೆ ಚೌಕಟ್ಟು ತಿರುಚುವುದು ಇದರಿಂದ. ಆದುದರಿಂದ ಮೊದಲು ನಾಲ್ಕು ಮೂಲೆಗೂ ಬರಿಯ ಚುಕ್ಕೆ ಬೆಸುಗೆ. ಕರ್ಣ ಅಳೆಯುವುದು. ತಪ್ಪಿದ್ದರೆ ಈಗ ಒಂದು ಪೆಟ್ಟಿಗೆ ಸರಿಹೋಗುತ್ತದೆ, ಆಮೇಲೆ ಹೋಗದು. ಬಳಿಕ ಒಂದು ಮೂಲೆ, ಅದರ ಎದುರು ಮೂಲೆ, ಹೀಗೆ ಸರದಿಯಲ್ಲಿ ಪೂರ್ತಿ ಬೆಸುಗೆ. ಆರಿದ ಮೇಲೆ ಬೆಣೆ ತೆಗೆಯುವುದು. 3 ಮಿಲಿಮೀಟರ್ ದಪ್ಪಕ್ಕೆ 2.5 ಮಿಲಿಮೀಟರಿನ ಬೆಸುಗೆ ಕಡ್ಡಿ ಸಾಕು. ಬೆಸುಗೆ ಗುಡ್ಡೆಗುಡ್ಡೆಯಾಗಿ ಬಿದ್ದರೆ ಗಟ್ಟಿ ಎಂದು ತಿಳಿಯಬೇಡಿ. ಎಳೆತ ಹೆಚ್ಚು, ಕಡ್ಡಿಯೂ ದಂಡ.

ಕಣ್ಣಿನ ವಿಷಯ ಮರೆಯಬಾರದು. ಬೆಸುಗೆಯ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿದರೆ ಆಗಲೇ ಏನೂ ತಿಳಿಯುವುದಿಲ್ಲ. ರಾತ್ರಿ ಕಣ್ಣಿಗೆ ಮರಳು ಹೊಯ್ದಂತೆ ಉರಿಯುತ್ತದೆ, ನೀರು ಸುರಿಯುತ್ತದೆ. ಬೆಸೆಯುವವರಿಗೆ ಮುಖಗವಸು ಇರುತ್ತದೆ. ಸುತ್ತ ನಿಂತು ನೋಡುವ ನಮಗೂ ನಮ್ಮ ಮಕ್ಕಳಿಗೂ ಇರುವುದಿಲ್ಲ. ಮಕ್ಕಳನ್ನು ದೂರ ಕಳುಹಿಸಿ. ಸತುವಿನ ಲೇಪದ ಕಬ್ಬಿಣವನ್ನು ಹಾಗೆಯೇ ಬೆಸೆಯಿಸಬೇಡಿ. ಅದರ ಹೊಗೆಯಿಂದ ಚಳಿಜ್ವರ ಬರುತ್ತದೆ. ಅಂಗಳದಲ್ಲೇ ಬೆಸೆಯಿಸುವುದಾದರೆ ಅಡಿಕೆ ಸಿಪ್ಪೆಯ ರಾಶಿ, ಹುಲ್ಲಿನ ಬಣವೆ ಹತ್ತಿರ ಬೇಡ. ಒದ್ದೆ ನೆಲ ಎಂದೆಂದಿಗೂ ಬೇಡ.

ಆರನೆಯದು ಬಣ್ಣ. ನಮ್ಮದು ಘಟ್ಟದ ಅಂಚಿನ ಊರು. ಇಲ್ಲಿನ ಮಳೆಗೆ ಬರಿಯ ಕಬ್ಬಿಣ ಒಂದು ವರ್ಷದಲ್ಲಿ ಕೆಂಪಾಗುತ್ತದೆ. ಬೆಸುಗೆಯ ಕಿಟ್ಟ ಕುಟ್ಟಿ, ತುಕ್ಕು ಉಜ್ಜಿ, ಒರಸಿ, ರೆಡ್ ಆಕ್ಸೈಡ್ ಎರಡು ಕೈ, ಅದರ ಮೇಲೆ ಎಣ್ಣೆಬಣ್ಣ. ಮೂಲೆಯಲ್ಲಿ ನೀರು ನಿಲ್ಲದಂತೆ ಒಂದು ಸಣ್ಣ ತೂತು ಇರಲಿ. ಸುಗ್ಗಿ ಮುಗಿದ ಮೇಲೆ ಒಳಗೆ ಒಣ ಜಾಗದಲ್ಲಿ ನಿಲ್ಲಿಸಿ ಇಡಿ.

ಬಣ್ಣದಿಂದ ಇನ್ನೊಂದು ಪ್ರಯೋಜನ. ಅಡಿಕೆಯ ಚೊಗರಿಗೂ ಕಬ್ಬಿಣಕ್ಕೂ ಆಗದು. ಹಿಂದಿನವರು ಅಣಲೆಕಾಯಿಯ ರಸಕ್ಕೆ ಅನ್ನಭೇದಿ ಹಾಕಿ ಮಸಿ ಮಾಡುತ್ತಿದ್ದರು. ಚೊಗರು, ಕಬ್ಬಿಣದ ಅಂಶ, ಎರಡೂ ಸೇರಿದರೆ ಕಪ್ಪು. ಒದ್ದೆ ಅಡಿಕೆ ಬರಿಯ ಕಬ್ಬಿಣಕ್ಕೆ ತಾಗಿದರೆ ಅದೇ ಮಸಿ ಅಡಿಕೆಯ ಮೇಲೆ ಬರೆಯುತ್ತದೆ. ಆದುದರಿಂದ ತಟ್ಟಿ ಅಥವಾ ಬಲೆ ಅಂಚಿನವರೆಗೂ ಬಂದು, ನಿಂತ ರೆಕ್ಕೆಯನ್ನೂ ಮುಚ್ಚುವಂತಿರಲಿ.

ಬಾಂಧವರೇ, ಕ್ರಮ ಇಷ್ಟು. ಈಗ ನನ್ನ ಅರಿಕೆ.

ಒಬ್ಬರು 6 ಅಡಿಯದು, ಒಬ್ಬರು 7 ಅಡಿಯದು, ಒಬ್ಬರು ತಮ್ಮ ಜಗಲಿಯ ಅಳತೆಗೆ ಎಂದು ಬೇರೆಬೇರೆ ಹೇಳಿದರೆ, ಕಾರ್ಖಾನೆಯವರಿಗೆ ಪ್ರತಿಯೊಬ್ಬರಿಗೂ ಒಂದು ಅಚ್ಚು ಮಾಡಲು ಆಗದು. ಅಚ್ಚಿಲ್ಲದೆ ಮಾಡಿದರೆ ನನ್ನ ಹತ್ತು ಚೌಕಟ್ಟಿನ ಕಥೆಯೇ. ಊರೆಲ್ಲ ಸೇರಿ ಒಂದೇ ಅಳತೆಗೆ ಒಪ್ಪಿಕೊಳ್ಳೋಣ. ಒಂದೇ ಅಚ್ಚು, ಒಂದೇ ಗಾಡಿ ಬಾಡಿಗೆ, ಒಟ್ಟಿಗೆ ಕೊಂಡ ಕಬ್ಬಿಣ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದುಂಟು: ನನ್ನ ಚೌಕಟ್ಟು ನಿಮ್ಮ ನಿಲುವಿಗೆ ಹೋಗುತ್ತದೆ, ನಿಮ್ಮದು ನನ್ನದಕ್ಕೆ. ಒಬ್ಬರ ಕೊಯ್ಲು ಮುಗಿದಾಗ ಇನ್ನೊಬ್ಬರಿಗೆ ಎರವಲು ಕೊಡಬಹುದು. ಮಳೆ ಬಂದ ಸಂಜೆ ಪಕ್ಕದ ಮನೆಯ ಸೂರಿನಲ್ಲಿ ಜಾಗವಿದ್ದರೆ ಅಲ್ಲಿಗೇ ತಳ್ಳಬಹುದು.

ಕಬ್ಬಿಣವನ್ನು ಚೂರು ಮಾಡಿ ಎಸೆಯುವಾಗ ನನಗೆ ಒಂದು ನೆನಪಾಗುತ್ತದೆ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಲು ಮೊದಲುಮಾಡಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಬೆಂಕಿ ಬಂದದ್ದು ಮಲೆನಾಡಿನ ಕಾಡಿನ ಇದ್ದಲಿನಿಂದ. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ನಮ್ಮ ಮರಗಳೇ ಉರಿದವು. ಕಬ್ಬಿಣ ಎಲ್ಲಿಂದಲೇ ಬರಲಿ, ಒಂದು ಬೆಟ್ಟವೂ ಒಂದು ಬೆಂಕಿಯೂ ಅದರ ಹಿಂದೆ ಇರುತ್ತವೆ. ಎರಡಡಿ ಎಂಟಂಗುಲದ ಚೂರನ್ನು ಮೂಲೆಗೆಸೆಯುವ ಮುನ್ನ ಅದನ್ನು ನೆನೆಯೋಣ.

ಕೊಯ್ಲಿನ ಕಾಲಕ್ಕೆ ಕಾರ್ಖಾನೆಗೆ ಓಡಿದರೆ ಅವಸರದ ಕೆಲಸವೇ ಆಗುತ್ತದೆ. ಚೌತಿಗೆ ಮುಂಚೆಯೇ ಪಟ್ಟಿ ಬರೆಯೋಣ. ಎಷ್ಟು ಚೌಕಟ್ಟು ಬೇಕೆಂದು ಮನೆಮನೆಯವರೂ ನನಗೆ ತಿಳಿಸಿ. ತುಂಡಿನ ಲೆಕ್ಕವನ್ನು ನಾನು ಹಾಕಿಕೊಡುತ್ತೇನೆ, ನೀವು ಇನ್ನೊಮ್ಮೆ ತಾಳೆ ನೋಡಿ. ಟೇಪು ಹಿಡಿದು ಕಾರ್ಖಾನೆಗೆ ನಾನೂ ಬರುತ್ತೇನೆ. ಈ ಸಲ ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚುವಾಗ ಚೌಕಟ್ಟುಗಳು ನಿಲುವಿನಲ್ಲಿ ಸರಾಗವಾಗಿ ಹೋಗಿ ಬರುತ್ತಿರಲಿ. ಮೊದಲ ಚೌಕಟ್ಟನ್ನು, ಹೋದ ವರ್ಷ ನನಗೆ ಕಾಫಿ ಕೊಟ್ಟು ಕಳುಹಿಸಿದ ಮನೆಯ ನಿಲುವಿಗೇ ತಳ್ಳಿ ನೋಡಬೇಕೆಂದು ನನ್ನ ಆಸೆ.



ಕಾರ್ಖಾನೆಗೆ ಹೋಗುವಾಗ ಜೇಬಿನಲ್ಲಿರಬೇಕಾದ ಚೀಟಿ:

1. ಸರಳಿನ ಉದ್ದ 6 ಮೀಟರ್, ಅಂದರೆ 19 ಅಡಿ 8 ಅಂಗುಲ, 20 ಅಡಿಯಲ್ಲ.
2. ಚೌಕಟ್ಟಿನ ಅಳತೆ 2134 × 813 ಮಿಲಿಮೀಟರ್. ಒಂದು ಸರಳಿಗೆ ಒಂದು ಚೌಕಟ್ಟು.
3. 25-3ರ ಸರಳಿನ ತೂಕ ಸುಮಾರು 6.6 ಕಿಲೋಗ್ರಾಂ.
4. ತಡೆ ಬಿಗಿದು ಎಲ್ಲವನ್ನೂ ಒಟ್ಟಿಗೆ ಕೊಯ್ಯುವುದು.
5. ಅಚ್ಚು, ಚುಕ್ಕೆ ಬೆಸುಗೆ, ಕರ್ಣ 2284 ಮತ್ತು 2284, ಆಮೇಲೆ ಪೂರ್ತಿ ಬೆಸುಗೆ.
6. ಮೊದಲನೆಯದನ್ನು ನಿಲುವಿನಲ್ಲಿ ತಳ್ಳಿ ನೋಡಿ, ಆಮೇಲೆ ಉಳಿದದ್ದು.
7. ಬಣ್ಣ ಎಲ್ಲ ಕಡೆ. ಅಡಿಕೆಗೆ ಬರಿಯ ಕಬ್ಬಿಣ ತಾಗಕೂಡದು.